ಆದವಾನಿ ಸೀಮೆ: ಬಂದು ನೆಲೆಸಿದವರು, ಗುಳೆ ಹೋದವರು

ಉತ್ತರಕ್ಕೆ ತುಂಗಭದ್ರೆ, ಪಶ್ಚಿಮಕ್ಕೆ ಹಗರಿ ಹರಿಯುವ ಆದವಾನಿ ಸೀಮೆಯಲ್ಲಿ ಭೂಮಿಗೆ ಕೊರತೆಯಾದ ಕಾಲ ಕಡಿಮೆ. ಕೊರತೆ ಇದ್ದದ್ದು ನೀರಿಗೆ, ಎಷ್ಟೋ ಸಲ ಉಳುವ ಕೈಗಳಿಗೆ. ಆದವಾನಿ, ಆಲೂರು, ಎಮ್ಮಿಗನೂರು, ಕೋಸಿಗಿ, ಪತ್ತಿಕೊಂಡ ಸುತ್ತಲಿನ ಹಳ್ಳಿಗಳ ಚರಿತ್ರೆಯನ್ನು ಕೋಟೆ ಮತ್ತು ಕಾಳಗಗಳ ಮೂಲಕ ಬರೆಯುವ ರೂಢಿಯಿದೆ. ಇಲ್ಲಿನ ಸಾಮಾನ್ಯ ಕುಟುಂಬದ ಮಟ್ಟಿಗೆ ಮುಖ್ಯವಾಗಿದ್ದ ಪ್ರಶ್ನೆ ಬೇರೆಯೇ: ಈ ವರ್ಷ ಇದ್ದೂರಲ್ಲೇ ಇರುವುದೋ, ಎತ್ತು ಕಟ್ಟಿಕೊಂಡು ಬೇರೆ ಸೀಮೆಗೆ ಹೋಗುವುದೋ?

ಕೋಟೆಯ ಕಥೆಯನ್ನು ಚಿಕ್ಕದಾಗಿ ಹೇಳಬಹುದು. ವಿಜಯನಗರದ ಗಟ್ಟಿ ನೆಲೆಯಾಗಿದ್ದ ಆದವಾನಿ 1568ರಲ್ಲಿ ಬಿಜಾಪುರದ ಆದಿಲ್‌ಶಾಹಿಗಳ ಕೈಸೇರಿತು. ಹದಿನೇಳನೆಯ ಶತಮಾನದಲ್ಲಿ ಇದನ್ನು ಆಳಿದ ಸಿದ್ದಿ ಮಸೂದ್ ಖಾನ್ ಊರಿಗೆ ದೊಡ್ಡ ಜಾಮಿಯಾ ಮಸೀದಿಯನ್ನು ಕೊಟ್ಟ. ತಮಿಳುನಾಡಿನ ಕುಂಭಕೋಣದಿಂದ ಬಂದ ರಾಘವೇಂದ್ರ ಸ್ವಾಮಿಗಳಿಗೆ ತುಂಗಭದ್ರೆಯ ದಡದ ಮಂಚಾಲೆಯನ್ನು ದಾನ ಕೊಟ್ಟವನೂ ಅವನೇ ಎಂಬುದು ಸಂಪ್ರದಾಯದ ಮಾತು. ಆ ಹಳ್ಳಿಯೇ ಇಂದಿನ ಮಂತ್ರಾಲಯ. ಆಮೇಲೆ ಔರಂಗಜೇಬನ ಸೈನ್ಯ ಬಂತು, ಬಳಿಕ ಹೈದರಾಬಾದಿನ ನಿಜಾಮರ ಆಳ್ವಿಕೆ. 1786ರಲ್ಲಿ ಟಿಪ್ಪು ಸುಲ್ತಾನ್ ಮುತ್ತಿಗೆ ಹಾಕಿ ಕೋಟೆಯನ್ನು ಹಿಡಿದು ಕೆಡವಿಸಿದ. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲಗಳೆಂಬ ಹೆಸರು ಬಂದದ್ದು ಆಗ.

ಕಂಪನಿಗೆ ಸಿಕ್ಕಿದ್ದು ಬಳಲಿದ ನಾಡು. ದಂಡುಗಳ ಓಡಾಟ, ಪಾಳೆಯಗಾರರ ಸುಲಿಗೆ, ವರ್ಷಕ್ಕೊಂದು ಬಗೆಯ ಕಂದಾಯ, ಇವುಗಳ ನಡುವೆ ಎಷ್ಟೋ ಹೊಲಗಳು ಬೀಳುಬಿದ್ದಿದ್ದವು. ಎರೆ ಭೂಮಿ ಕೆಲವೇ ವರ್ಷ ಬೀಳುಬಿದ್ದರೂ ಆಳಕ್ಕೆ ಬೇರು ಬಿಡುವ ಹುಲ್ಲು ಅದನ್ನು ಆವರಿಸಿಬಿಡುತ್ತದೆ. ಅಂಥ ನೆಲವನ್ನು ಮತ್ತೆ ಸಾಗುವಳಿಗೆ ತರಲು ಒಂದು ಜೋಡಿ ಎತ್ತು ಸಾಲದು. ಹಲವು ಜೋಡಿ ಎತ್ತು ಹೂಡಿದ ದೊಡ್ಡ ನೇಗಿಲೇ ಬೇಕು. ಬಡ ರೈತನೊಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಆದ್ದರಿಂದಲೇ ಬೀಳು ನೆಲವನ್ನು ಕೌಲಿಗೆ ಕೊಡುವ ಪದ್ಧತಿ ನಡೆದುಬಂದಿತ್ತು: ಮೊದಲ ವರ್ಷಗಳಲ್ಲಿ ಕಂದಾಯ ಅತಿ ಕಡಿಮೆ, ನೆಲ ಹದಕ್ಕೆ ಬಂದ ಹಾಗೆ ಮೆಲ್ಲಗೆ ಏರಿಕೆ. ಜತೆಗೆ ಎತ್ತಿಗೆ, ಬೀಜಕ್ಕೆ ತಕಾವಿ ಸಾಲ. ಊರಿಗೆ ಹೊಸ ಒಕ್ಕಲನ್ನು ಕರೆತರಬೇಕಾದರೆ ಗೌಡನ ಕೈಯಲ್ಲಿದ್ದ ದಾರಿ ಇದೇ.

1800ರಿಂದ 1807ರವರೆಗೆ ದತ್ತ ಮಂಡಲಗಳ ಪ್ರಧಾನ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಇದನ್ನು ಬಲ್ಲವನಾಗಿದ್ದ. ರೈತನನ್ನು ಹೆಚ್ಚು ಹಿಂಡಿದರೆ ಅವನು ಮೈಸೂರಿಗೋ ಹೊಳೆಯಾಚೆಯ ನಿಜಾಮರ ಸೀಮೆಗೋ ಹೋಗಬಹುದಿತ್ತು. ಜನ ಕಡಿಮೆ, ನೆಲ ಹೆಚ್ಚು ಇರುವ ನಾಡಿನಲ್ಲಿ ಹೊರಟುಹೋಗುವ ಸಾಧ್ಯತೆಯೇ ಬಡವನ ಕೈಲಿದ್ದ ಒಂದು ಆಯುಧ. ಹೊಲಗಳ ಮೋಜಣಿ ಮುಗಿದ ಮೇಲೆ, 1807ರಲ್ಲಿ, ಕಂದಾಯವನ್ನು ನೂರಕ್ಕೆ 25ರಷ್ಟು ಇಳಿಸಬೇಕೆಂದು ಮನ್ರೋ ಬರೆದ. ಮೇಲಿನವರು ಒಪ್ಪದೆ ಊರುಗಳನ್ನೇ ಗುತ್ತಿಗೆಗೆ ಕೊಟ್ಟರು. ಆ ಏರ್ಪಾಡು ಕುಸಿಯಿತು. 1820ರಲ್ಲಿ ಮದರಾಸಿನ ಗವರ್ನರಾಗಿ ಮನ್ರೋ ಮರಳಿ ಬಂದ ಮೇಲಷ್ಟೇ ಆ ಇಳಿಕೆ ಜಾರಿಯಾಯಿತು. ರೈತವಾರಿ ಪದ್ಧತಿಯಲ್ಲಿ ರೈತ ಬೇಡವಾದ ಹೊಲಕ್ಕೆ ರಾಜೀನಾಮೆ ಕೊಟ್ಟು, ಬೇಕಾದ ಬೀಳು ನೆಲಕ್ಕೆ ದರಖಾಸ್ತು ಹಾಕಬಹುದಿತ್ತು. ಹೀಗೆ ಬಿಡುವ, ಹಿಡಿಯುವ ಸ್ವಾತಂತ್ರ್ಯ ಬರದ ನಾಡಿಗೆ ಹೊಂದುವಂಥದ್ದು, ಅದರ ಬೆಲೆಯನ್ನು ಕಡಿಮೆ ಎಣಿಸುವಂತಿಲ್ಲ. ಗವರ್ನರಾಗಿ ಈ ಸೀಮೆಯನ್ನು ನೋಡಲು ಮತ್ತೊಮ್ಮೆ ಬಂದಾಗ, 1827ರ ಜುಲೈ 6ರಂದು, ಮನ್ರೋ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ.

ಖಾಲಿ ನೆಲಕ್ಕೆ ಜನರನ್ನು ಕರೆಯುವ ಇಂಥದೇ ಪ್ರಯತ್ನ ಅಮೆರಿಕದ ಪಶ್ಚಿಮದಲ್ಲಿ ಬಹು ದೊಡ್ಡದಾಗಿ ನಡೆಯಿತು. 1862ರ ಹೋಮ್‌ಸ್ಟೆಡ್ ಕಾಯಿದೆಯ ಪ್ರಕಾರ ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವರಿಗೆ 160 ಎಕರೆ ಸಿಗುತ್ತಿತ್ತು. ಆ ನೆಲವೂ ಯಾರೂ ಇಲ್ಲದ ನೆಲವಾಗಿರಲಿಲ್ಲ. ಅಲ್ಲಿನ ಮೂಲ ಜನಾಂಗಗಳನ್ನು ಒಕ್ಕಲೆಬ್ಬಿಸಿಯೇ ಅದನ್ನು ಖಾಲಿ ಮಾಡಲಾಗಿತ್ತು. ನೂರನೆಯ ರೇಖಾಂಶದ ಪಶ್ಚಿಮಕ್ಕೆ ವರ್ಷದ ಮಳೆ 20 ಅಂಗುಲ ಮುಟ್ಟುವುದಿಲ್ಲ, ನೀರಾವರಿಯಿಲ್ಲದೆ 160 ಎಕರೆಯಲ್ಲಿ ಕುಟುಂಬವೊಂದು ಬದುಕಲಾರದು ಎಂದು ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ 1878ರಲ್ಲೇ ಎಚ್ಚರಿಸಿದ್ದ. ಕೇಳಿದವರು ಕಡಿಮೆ. 1917ರ ನಂತರದ ಬರಗಾಲದಲ್ಲಿ ಮೊಂಟಾನಾದ ಸಾವಿರಾರು ಕುಟುಂಬಗಳು ಹೊಲ ಬಿಟ್ಟು ಹೊರಟವು. ಅಲ್ಲೇ ಪಕ್ಕದ ವಯೋಮಿಂಗ್‌ನ ಎರಡೂವರೆ ಲಕ್ಷ ಚದರ ಕಿಲೋಮೀಟರಿನಲ್ಲಿ 2020ರಲ್ಲಿ ಇದ್ದವರು 5.77 ಲಕ್ಷ ಜನ. ಆದವಾನಿ ಪಟ್ಟಣವೊಂದರಲ್ಲೇ 2011ರಲ್ಲಿ 1.66 ಲಕ್ಷ ಜನರಿದ್ದರು.

ಅದೇ ಅಮೆರಿಕದ ಅಂತರ್ಯುದ್ಧ ಆದವಾನಿಯ ಎರೆ ಹೊಲಗಳನ್ನೂ ಮುಟ್ಟಿತು. 1861ರಿಂದ 1865ರವರೆಗೆ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತುಹೋಗಿ, ಬಳ್ಳಾರಿ ಜಿಲ್ಲೆಯ ಹತ್ತಿಗೆ ಬಂಗಾರದ ಬೆಲೆ ಬಂತು. 1871ರ ಹೊತ್ತಿಗೆ ಮದರಾಸಿನಿಂದ ಗುಂತಕಲ್, ಆದವಾನಿ ಹಾದು ರಾಯಚೂರು ಮುಟ್ಟುವ ರೈಲು ಓಡತೊಡಗಿತು. ಅರಳೆ ಬಿಡಿಸುವ ಕಾರ್ಖಾನೆಗಳು, ದಲಾಲರು, ಸಾಹುಕಾರರು ಬಂದು ಸೇರಿ ಆದವಾನಿ ದೊಡ್ಡ ಹತ್ತಿ ಪೇಟೆಯಾಯಿತು.

ಹತ್ತಿಯ ದುಡ್ಡು ಹೊಟ್ಟೆಯನ್ನು ಕಾಯಲಿಲ್ಲ. 1876ರ ಮಳೆ ಕೈಕೊಟ್ಟು ಎರಡು ವರ್ಷ ನಡೆದ ಮಹಾ ಕ್ಷಾಮ ಬಳ್ಳಾರಿ ಜಿಲ್ಲೆಯನ್ನು ಬೋಳು ಮಾಡಿತು. ಆಗ ಆದವಾನಿ, ಆಲೂರು ಆ ಜಿಲ್ಲೆಗೇ ಸೇರಿದ್ದವು. 1871 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಕುಗ್ಗಿತು. ಸತ್ತವರು ಎಷ್ಟು, ಊರು ಬಿಟ್ಟು ಹೋಗಿ ಮರಳದವರು ಎಷ್ಟು ಎಂಬುದನ್ನು ಆ ಒಂದು ಅಂಕಿಯಿಂದ ಬೇರ್ಪಡಿಸಲಾಗದು. ಹೊರಟುಹೋಗುವ ಆಯುಧ ಇಲ್ಲಿ ನೆರವಾಗಲಿಲ್ಲ. ನೆರೆಯ ಮೈಸೂರಿನಲ್ಲೂ ಹೈದರಾಬಾದ್ ಸೀಮೆಯಲ್ಲೂ ಅದೇ ಬರ.

ತುಂಗಭದ್ರೆಗೆ ಅಣೆಕಟ್ಟು ಕಟ್ಟಬೇಕೆಂಬ ಮಾತು ನೀರಾವರಿ ಎಂಜಿನಿಯರ್ ಆರ್ಥರ್ ಕಾಟನ್‌ನ ಕಾಲದಿಂದ, ಅಂದರೆ 1860ರ ದಶಕದಿಂದಲೂ ಇತ್ತು. ಶಂಕುಸ್ಥಾಪನೆಯಾದದ್ದು 1945ರ ಫೆಬ್ರವರಿ 28ರಂದು. ಒಂದು ದಡ ಮದರಾಸಿನದು, ಇನ್ನೊಂದು ಹೈದರಾಬಾದಿನದು. 1953ರಲ್ಲಿ ನೀರು ನಿಂತಿತು. ಅದೇ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ ಮೈಸೂರಿಗೆ ಬಂತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹೊಸ್ತಿಲು ದಾಟದ ಸಾವಿರಾರು ಕನ್ನಡ ಮನೆಗಳು ಬೆಳಗಾಗುವಷ್ಟರಲ್ಲಿ ಬೇರೆ ರಾಜ್ಯದಲ್ಲಿದ್ದವು. ಈ ಗಡಿ ಭಾಗದಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ನಡೆದುಬಂದದ್ದು ಆ ಮನೆಗಳ ಮಕ್ಕಳಿಗಾಗಿ.

ಕಾಲುವೆಯ ನೀರಿನ ಹಿಂದೆಯೇ ಹೊಸ ಒಕ್ಕಲುಗಳು ಬಂದವು. ಕೃಷ್ಣಾ, ಗೋದಾವರಿ, ಗುಂಟೂರು ಕಡೆಯ ರೈತರು ಅಲ್ಲಿ ಎಕರೆಯೊಂದನ್ನು ಮಾರಿ, ಅದೇ ಹಣದಲ್ಲಿ ಇಲ್ಲಿ ಹಲವು ಎಕರೆ ಕೊಂಡರು. ಹೊಲದ ಪಕ್ಕದಲ್ಲೇ ಹುಟ್ಟಿದ ಅವರ ವಸತಿಗಳೇ ಕ್ಯಾಂಪುಗಳು. ಗಂಗಾವತಿ ಬಳಿಯ ಶ್ರೀರಾಮನಗರ, ಸಿಂಧನೂರು ಬಳಿಯ ಗಾಂಧಿನಗರ ಹೀಗೆ ಬೆಳೆದ ಊರುಗಳು. ಸಿರುಗುಪ್ಪದ ಸುತ್ತಲೂ ಅಂಥವು ಹಲವು. ಜೋಳ, ಹತ್ತಿ ಬೆಳೆದು ಮಳೆ ನೋಡುತ್ತಿದ್ದ ಸ್ಥಳೀಯರಿಗೆ ಭತ್ತದ ಗದ್ದೆ, ಮಟ್ಟ ಮಾಡಿದ ನೆಲ, ಗೊಬ್ಬರದ ಖರ್ಚು ಎಲ್ಲವೂ ಹೊಸತು. ಬಂದವರು ದುಡಿಮೆಯಿಂದ ಗೆದ್ದರು ಎಂಬುದು ದಿಟ. ಯೋಜನೆಯ ಮೂಲ ಉದ್ದೇಶಕ್ಕೆ ಪೆಟ್ಟು ಬಿದ್ದದ್ದೂ ಅಷ್ಟೇ ದಿಟ: ಹೆಚ್ಚು ಎಕರೆಗೆ ತೆಳುವಾಗಿ ಹರಡಿ ಬರದಿಂದ ಕಾಪಾಡಬೇಕಿದ್ದ ನೀರು ಮೇಲ್ಭಾಗದ ಭತ್ತದಲ್ಲಿ ನಿಂತಿತು.

ಅದರ ಬೆಲೆ ತೆತ್ತವರಲ್ಲಿ ಆದವಾನಿ ಕಡೆಯ ರೈತರು ಮೊದಲಿಗರು. ಕೆಳಮಟ್ಟದ ಕಾಲುವೆ, ಅಂದರೆ ಎಲ್‌ಎಲ್‌ಸಿ, ಹೊಸಪೇಟೆ, ಬಳ್ಳಾರಿ, ಸಿರುಗುಪ್ಪ ಸೀಮೆ ದಾಟಿ ಕಟ್ಟಕಡೆಗೆ ಇಲ್ಲಿಗೆ ತಲುಪುತ್ತದೆ. ಕಾಗದದ ಮೇಲೆ ಕರ್ನೂಲು ಜಿಲ್ಲೆಗೆ ಸುಮಾರು 1.5 ಲಕ್ಷ ಎಕರೆಯ ನೀರಾವರಿ. ಕಾಲುವೆಯ ಕೊನೆಯಲ್ಲಿ ಅದು ಎಂದೂ ಪೂರ್ತಿ ನನೆದದ್ದಿಲ್ಲ. ಮೊದಲಿಗೆ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ ಉಳಿದದ್ದು 105ರ ಆಸುಪಾಸು.

ಹೀಗಾಗಿ ಒಂದು ಕಾಲಕ್ಕೆ ಕೌಲು ಕೊಟ್ಟು ಜನರನ್ನು ಕರೆದ ಸೀಮೆ ಇಂದು ಜನರನ್ನು ಹೊರಗೆ ಕಳಿಸುತ್ತಿದೆ. ಕೋಸಿಗಿ, ಕೌತಾಳಂ, ಪೆದ್ದಕಡಬೂರು, ಮಂತ್ರಾಲಯ, ಹೊಳಗುಂದಿ ಕಡೆಯ ಕುಟುಂಬಗಳು ಮುಂಗಾರು ಬೆಳೆ ಮುಗಿದೊಡನೆ ಗುಂಟೂರು ಸೀಮೆಗೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುತ್ತವೆ. ಕೆಲವರು ಬೆಂಗಳೂರು, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಅಜ್ಜ ಅಜ್ಜಿಯರು ಮನೆ ಕಾಯುತ್ತಾರೆ. ಮಕ್ಕಳು ಒಂದೋ ತಂದೆ ತಾಯಿಯ ಜತೆ ಹೊರಡುತ್ತಾರೆ, ಇಲ್ಲವೇ ಗುಳೆಯ ತಿಂಗಳುಗಳಿಗೆಂದು ಸರ್ಕಾರ ತೆರೆಯುವ ವಸತಿ ನಿಲಯಗಳಲ್ಲಿ ಉಳಿಯುತ್ತಾರೆ. 2006ರಲ್ಲಿ ನೆರೆಯ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಆರಂಭವಾದ ಉದ್ಯೋಗ ಖಾತ್ರಿ ಈ ಊರುಗಳಿಗೂ ಬಂತು, ಆದರೆ ಗುಳೆಯನ್ನು ತಡೆಯಲಾಗಲಿಲ್ಲ. ಮೆಣಸಿನಕಾಯಿ ಬಿಡಿಸುವಲ್ಲಿ ಇಡೀ ಕುಟುಂಬ ದುಡಿದು ಒಟ್ಟು ಹಣದೊಂದಿಗೆ ಮರಳುತ್ತದೆ, ಸಾಲ ತೀರಿಸಲು ಬೇಕಾದದ್ದು ಆ ಗಂಟು. ಗುಳ್ಯಂ ಬಳಿ ವೇದಾವತಿಗೆ, ಅಂದರೆ ಹಗರಿಗೆ, ಎತ್ತು ನೀರಾವರಿ ಮತ್ತು ರಾಜೋಳಿಬಂಡಾ ಆಣೆಕಟ್ಟಿನಿಂದ ಬಲದಂಡೆ ಕಾಲುವೆ ಎಂಬ ಎರಡು ಯೋಜನೆಗಳನ್ನು ಆಂಧ್ರ ಸರ್ಕಾರ ರೂಪಿಸಿದೆ. ಎರಡೂ ಗುರಿಯಿಟ್ಟಿರುವುದು ಗುಳೆ ಹೋಗುವ ಇದೇ ಪಶ್ಚಿಮದ ಮಂಡಲಗಳ ಹೊಲಗಳ ಮೇಲೆ.