ಖಡ್ಗ, ಸೇಬರ್ ಮತ್ತು ಡರ್ಕ್: ಆಧುನಿಕ ಪ್ರತಿಕೃತಿಗಳ ಐತಿಹಾಸಿಕ ಪ್ರಾಮಾಣ್ಯ

ಶಾಸನ, ನಾಣ್ಯ, ಕಡತಗಳನ್ನು ಪರೀಕ್ಷಿಸುವಲ್ಲಿ ನಮ್ಮ ವಿದ್ವಾಂಸರು ತೋರುವ ಎಚ್ಚರಿಕೆ ಆಯುಧಗಳ ವಿಷಯದಲ್ಲಿ ಅಷ್ಟಾಗಿ ಕಂಡುಬರುವುದಿಲ್ಲ. ತಾಮ್ರಶಾಸನವೊಂದು ದೊರೆತರೆ ಅದರ ಲಿಪಿ, ಭಾಷೆ, ತಿಥಿವಾರಗಳನ್ನು ಒರೆಗೆ ಹಚ್ಚಿ, ಅದು ಕೂಟಶಾಸನವೋ ಅಲ್ಲವೋ ಎಂದು ನಿರ್ಣಯಿಸಿದ ಮೇಲೆಯೇ ಮುಂದಿನ ಮಾತು. ಗಾಜಿನ ಪೆಟ್ಟಿಗೆಯೊಳಗಿನ ಕತ್ತಿಯ ಬಗೆಗಾದರೋ ಕೆಳಗೆ ಅಂಟಿಸಿದ ಚೀಟಿಯ ಮಾತನ್ನೇ ನಂಬಿ ಮುಂದೆ ಸಾಗುತ್ತೇವೆ. ಇಂದು ಪ್ರಾಚೀನ ಖಡ್ಗಗಳ ಪ್ರತಿಕೃತಿಗಳು ಬಹುಸಂಖ್ಯೆಯಲ್ಲಿ ತಯಾರಾಗುತ್ತಿವೆ. ನಾಟಕ, ಚಲನಚಿತ್ರ, ಮೆರವಣಿಗೆ, ಗೋಡೆಯ ಅಲಂಕಾರ ಇವೆಲ್ಲಕ್ಕೂ ಅವು ಬೇಕು. ಪಾಠ ಹೇಳುವುದಕ್ಕೂ ಅವನ್ನು ತರುವುದುಂಟು. ಇಂತಹ ವಸ್ತುವಿನಿಂದ ಇತಿಹಾಸಕಾರನು ಏನನ್ನಾದರೂ ಕಲಿಯಬಹುದೆ, ಕಲಿಯಬಹುದಾದರೆ ಯಾವ ನಿಬಂಧನೆಗಳಿಗೆ ಒಳಪಟ್ಟು, ಎಂಬುದೇ ಈ ಲೇಖನದ ವಿಚಾರ.

ಮೊದಲಿಗೆ ಪ್ರತಿಕೃತಿಯನ್ನೂ ನಕಲಿ ವಸ್ತುವನ್ನೂ ಬೇರೆ ಮಾಡಬೇಕು. ಎರಡರ ರೂಪ ಒಂದೇ ಆಗಿರಬಹುದು, ಭೇದವಿರುವುದು ಹೇಳಿಕೆಯಲ್ಲಿ. 19ನೆಯ ಶತಮಾನದ ಕೊನೆಯಲ್ಲಿ ಮ್ಯೂನಿಕ್ ನಗರದ ಅರ್ನ್‌ಸ್ಟ್ ಶ್ಮಿಟ್ ಎಂಬಾತನ ಕಾರ್ಯಾಗಾರದಲ್ಲಿ ಮಧ್ಯಯುಗದ ಕವಚ, ಖಡ್ಗಗಳ ಪ್ರತಿಕೃತಿಗಳನ್ನು ಅತ್ಯಂತ ಕೌಶಲದಿಂದ ಮಾಡಿ, ಪ್ರತಿಕೃತಿಗಳೆಂದೇ ಮಾರುತ್ತಿದ್ದರು. ಕೈಯಿಂದ ಕೈಗೆ ದಾಟುತ್ತ ಅವುಗಳಲ್ಲಿ ಕೆಲವು ಮೂಲವಸ್ತುಗಳೆಂದೇ ಚಲಾವಣೆಗೆ ಬಂದವು. ತಯಾರಕನು ಪ್ರಾಮಾಣಿಕನಾದರೂ ವಸ್ತು ಸುಳ್ಳು ಹೇಳಬಲ್ಲದು. ಟೀಪೂ ಸುಲ್ತಾನನ ಶಯನಾಗಾರದ ಖಡ್ಗ 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡುಗಳಷ್ಟು ಬೆಲೆಗೆ ಹೋದುದನ್ನು ನೆನೆದರೆ, ಈ ಅಪಾಯ ಶಾಸ್ತ್ರಚರ್ಚೆಗೆ ಮಾತ್ರ ಸೇರಿದ್ದಲ್ಲವೆಂಬುದು ತಿಳಿದೀತು.

ಇನ್ನು ತೂಕದ ವಿಷಯ. ಯುರೋಪಿನ ಮಧ್ಯಯುಗದ ಯೋಧನು ಎತ್ತಲಾರದಷ್ಟು ಭಾರವಾದ ಖಡ್ಗವನ್ನು ಬೀಸುತ್ತಿದ್ದನೆಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಮಾತ್ರವಲ್ಲ, ಕೆಲವು ಪಠ್ಯಪುಸ್ತಕಗಳಲ್ಲಿಯೂ ಉಂಟು. ವಸ್ತುಸಂಗ್ರಹಾಲಯಗಳಲ್ಲಿ ತೂಗಿನೋಡಿದ ಒಂಟಿಗೈ ಖಡ್ಗಗಳು ಸಾಮಾನ್ಯವಾಗಿ 1 ರಿಂದ 1.5 ಕಿಲೋಗ್ರಾಂ ಒಳಗೇ ಇವೆ. ಈ ಭ್ರಾಂತಿಯನ್ನು ಪೋಷಿಸುವುದರಲ್ಲಿ ಅಲಂಕಾರಕ್ಕೆಂದು ಮಾಡಿದ ದಪ್ಪ ಪ್ರತಿಕೃತಿಗಳ ಪಾಲು ಅಲ್ಪವಲ್ಲ.

ಆದರೆ ಒಟ್ಟು ತೂಕ ಸರಿಹೋದ ಮಾತ್ರಕ್ಕೆ ಪ್ರತಿಕೃತಿ ಸರಿಹೋಯಿತೆಂದಲ್ಲ. ಬ್ರಿಟಿಷ್ ಲಘು ಅಶ್ವದಳದ 1796ರ ಮಾದರಿಯ ಸೇಬರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಜಾನ್ ಗ್ಯಾಸ್ಪರ್ಡ್ ಲ ಮಾರ್ಷಾಂ ಎಂಬ ಅಧಿಕಾರಿ ಫ್ಲಾಂಡರ್ಸ್ ಯುದ್ಧದಲ್ಲಿ ತನ್ನ ಸವಾರರ ಕತ್ತಿಗಳ ದೋಷಗಳನ್ನು ಕಣ್ಣಾರೆ ಕಂಡು, ಬರ್ಮಿಂಗ್‌ಹ್ಯಾಮಿನ ಹೆನ್ರಿ ಆಸ್ಬರ್ನ್ ಎಂಬ ಖಡ್ಗಕಾರನ ನೆರವಿನಿಂದ ಇದನ್ನು ರೂಪಿಸಿದನು. ತುರ್ಕಿ, ಮಾಮಲೂಕ ಮತ್ತು ಹಂಗೇರಿ ದೇಶಗಳ ಸವಾರರ ವಕ್ರಖಡ್ಗಗಳನ್ನು ಅವನು ಮೆಚ್ಚಿದ್ದನು. ಅಲಗಿನ ಉದ್ದ ಸುಮಾರು 33 ಅಂಗುಲ. ಹಿಡಿಯ ಬಳಿ ಬೆನ್ನು ದಪ್ಪ, ತುದಿಯತ್ತ ಸಾಗಿದಂತೆ ಕ್ರಮವಾಗಿ ತೆಳುವಾಗಿ, ಕೊನೆಗೆ ಕೆಲವೇ ಮಿಲಿಮೀಟರು ಉಳಿಯುತ್ತದೆ. ಅದೇ ಭಾಗದಲ್ಲಿ ಅಲಗು ಅಗಲವಾಗುವುದರಿಂದ ಹೊಡೆತಕ್ಕೆ ಬೇಕಾದ ಬಲವೂ ಕೈಗೆ ಬೇಕಾದ ಹಗುರವೂ ಒಟ್ಟಿಗೆ ದೊರೆಯುತ್ತವೆ. ಅಗ್ಗದ ಪ್ರತಿಕೃತಿಯನ್ನು ಒಂದೇ ದಪ್ಪದ ಉಕ್ಕಿನ ಪಟ್ಟಿಯಿಂದ ಕತ್ತರಿಸಿ ತೆಗೆಯುತ್ತಾರೆ. ಪಾರ್ಶ್ವದಿಂದ ತೆಗೆದ ಛಾಯಾಚಿತ್ರದಲ್ಲಿ ಎರಡಕ್ಕೂ ಭೇದ ಕಾಣಿಸದು. ಕೈಯಲ್ಲಿ ಹಿಡಿದರೆ ಒಂದು ಖಡ್ಗ, ಇನ್ನೊಂದು ಸನಿಕೆ. ಇಂತಹ ಸನಿಕೆಯನ್ನು ಬೀಸಿನೋಡಿ, ಆ ಕಾಲದ ಸವಾರರು ಬಹುಬೇಗ ದಣಿಯುತ್ತಿದ್ದಿರಬೇಕೆಂದು ತೀರ್ಮಾನಿಸುವವನು ಇತಿಹಾಸವನ್ನಲ್ಲ, ಕಾರ್ಖಾನೆಯ ಮಿತವ್ಯಯವನ್ನು ಅಳೆಯುತ್ತಿರುತ್ತಾನೆ. ಲ ಮಾರ್ಷಾಂ 1812ರಲ್ಲಿ ಸಲಮಾಂಕಾ ಕದನದಲ್ಲಿ ಮಡಿದನು; ಅಷ್ಟರೊಳಗೆ, 1811ರಲ್ಲಿಯೇ, ಪ್ರಷ್ಯದವರು ಅವನ ಮಾದರಿಯನ್ನು ತಮ್ಮ ದಳಗಳಿಗೆ ಅಳವಡಿಸಿಕೊಂಡಿದ್ದರು.

ಖಡ್ಗವೆಂದರೆ ಅಲಗು ಮಾತ್ರವಲ್ಲ ಎಂಬುದಕ್ಕೆ ನಮ್ಮ ನೆರೆಯ ಹೈದರಾಬಾದಿನಿಂದಲೇ ಒಂದು ನಿದರ್ಶನ ದೊರೆಯುತ್ತದೆ. ಕ್ಯಾಪ್ಟನ್ ಲೂಯಿ ನೋಲನ್ 1853ರಲ್ಲಿ ಪ್ರಕಟಿಸಿದ ಅಶ್ವದಳದ ಗ್ರಂಥದಲ್ಲಿ ಇದನ್ನು ಹೇಳಿದ್ದಾನೆ. ನಿಜಾಮನ ಸವಾರರ ಹೊಡೆತಗಳು ಭಯಂಕರವೆಂಬ ವರದಿಯನ್ನೋದಿ ಅವನು ಅವರ ಖಡ್ಗಗಳನ್ನು ಪರಿಶೀಲಿಸಿದಾಗ, ಅವು ಬ್ರಿಟಿಷ್ ದಳಗಳು ತ್ಯಜಿಸಿದ ಹಳೆಯ ಅಲಗುಗಳೇ ಆಗಿದ್ದವು! ಅವಕ್ಕೆ ದೇಶೀಯ ಹಿಡಿ ಹಾಕಿಸಿ, ಕ್ಷೌರದ ಕತ್ತಿಯಂತೆ ಸಾಣೆ ಹಿಡಿಸಿ, ಮರದ ಒರೆಯಲ್ಲಿ ಇಟ್ಟುಕೊಂಡಿದ್ದರು. ಕಾರ್ಯವಿಲ್ಲದೆ ಹೊರಗೆ ಎಳೆಯುತ್ತಿರಲಿಲ್ಲ. ಬ್ರಿಟಿಷ್ ಸೈನಿಕನ ಒರೆ ಉಕ್ಕಿನದು. ಪ್ರತಿಸಲ ಎಳೆದು ಸೇರಿಸುವಾಗಲೂ ಅದು ಅಲಗಿನ ಬಾಯನ್ನು ಮೊಂಡು ಮಾಡುತ್ತಿತ್ತು. ಅಲಗು ಒಂದೇ, ಒರೆ ಮತ್ತು ಸಾಣೆ ಬೇರೆಯಾದುದರಿಂದ ಆಯುಧವೇ ಬೇರೆಯಾಯಿತು. ಇಂದು ಡೆಹ್ರಾಡೂನಿನಲ್ಲಿ ತಯಾರಾಗಿ ಪಶ್ಚಿಮ ದೇಶಗಳಿಗೆ ಹೋಗುವ ಐತಿಹಾಸಿಕ ಖಡ್ಗಗಳ ಪ್ರತಿಕೃತಿಗಳನ್ನು ಕುರಿತು ಯೋಚಿಸುವಾಗ ಈ ಹಿಂದಿನ ವ್ಯಾಪಾರ ನೆನಪಿಗೆ ಬಾರದಿರದು; ಆಗ ಅಲಗು ಇತ್ತ ಬರುತ್ತಿತ್ತು, ಈಗ ಅತ್ತ ಹೋಗುತ್ತಿದೆ.

ಸ್ಕಾಟ್ಲೆಂಡಿನ ಡರ್ಕಿನ ಕಥೆ ಇದಕ್ಕಿಂತ ಭಿನ್ನ. ಡರ್ಕ್ ಎಂಬುದು ಆ ದೇಶದ ಬೆಟ್ಟಸೀಮೆಯವರು ಸೊಂಟದಲ್ಲಿ ಧರಿಸುತ್ತಿದ್ದ ಉದ್ದನೆಯ ಚೂರಿ. ಹಳೆಯವುಗಳಲ್ಲಿ ಹಿಡಿ ಮರದ್ದು, ಅದರ ಮೇಲೆ ಹೆಣೆದ ಬಳ್ಳಿಯಂತಹ ಕೆತ್ತನೆ; ಅಲಗು ಅನೇಕ ವೇಳೆ ಮುರಿದ ಖಡ್ಗದ ತುಂಡು. 1746ರ ಕಲೋಡನ್ ಕದನದಲ್ಲಿ ಸ್ಟುವರ್ಟ್ ಪಕ್ಷದವರು ಸೋತ ಮೇಲೆ ಪಾರ್ಲಿಮೆಂಟು ಆ ಸೀಮೆಯವರ ಆಯುಧಧಾರಣೆಯನ್ನೂ ಉಡುಪನ್ನೂ ನಿಷೇಧಿಸಿತು. ಉಡುಪಿನ ಮೇಲಣ ನಿಷೇಧ 1782ರಲ್ಲಿ ರದ್ದಾಯಿತು. ಆ ವೇಳೆಗೆ ಒಂದು ತಲೆಮಾರು ಕಳೆದುಹೋಗಿತ್ತು. ಡರ್ಕು ಉಳಿದುಬಂದುದು ಮುಖ್ಯವಾಗಿ ಬ್ರಿಟಿಷ್ ಸೇನೆಯ ಹೈಲೆಂಡ್ ದಳಗಳಲ್ಲಿ. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋ ನಗರಕ್ಕೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟನು ಸ್ವಾಗತದ ಸೂತ್ರಧಾರನಾದನು. ಬಡಗಣ ಬೆಟ್ಟದವರ ಉಡುಗೆತೊಡುಗೆ, ಯಾವುದನ್ನು ಕೆಲವು ದಶಕಗಳ ಹಿಂದೆ ರಾಜದ್ರೋಹದ ಗುರುತೆಂದು ದಂಡಿಸಲಾಗಿತ್ತೋ ಅದೇ, ಸಮಸ್ತ ಸ್ಕಾಟ್ಲೆಂಡಿನ ರಾಷ್ಟ್ರೀಯ ವೇಷವಾಗಿ ಆ ಉತ್ಸವದಲ್ಲಿ ಮೆರೆಯಿತು. ದೊರೆಯೂ ಅದನ್ನು ಧರಿಸಿದನು. ತರುವಾಯದ ಡರ್ಕುಗಳಲ್ಲಿ ಹಿಡಿಯ ತುದಿಗೆ ಹೊಂಬಣ್ಣದ ಕೇರ್ನ್‌ಗಾರ್ಮ್ ಕಲ್ಲು, ಬೆಳ್ಳಿಯ ಕಟ್ಟು, ಒರೆಯ ಮೇಲೆ ಪುಟ್ಟ ಚಾಕು ಮತ್ತು ಮುಳ್ಳುಚಮಚ ಇವುಗಳ ವೈಭವ ಹೆಚ್ಚಿತು. ಇಂದು ಕಿಲ್ಟ್ ಉಡುಪಿನೊಡನೆ ಮಾರಾಟವಾಗುವ ಪ್ರತಿಕೃತಿಗಳು ಬಹುಪಾಲು ಈ ಆಭರಣರೂಪವನ್ನೇ ಅನುಕರಿಸುತ್ತವೆ.

ಹೀಗಿರಲಾಗಿ ಅವನ್ನು ಕಲೋಡನ್ ಕಾಲದ ಆಯುಧವೆಂದು ತರಗತಿಯಲ್ಲಿ ತೋರಿಸುವುದು ಶುದ್ಧ ಕಾಲವ್ಯತ್ಯಾಸ. ಆದರೂ ಅವು ನಿರುಪಯುಕ್ತವೆನ್ನಲಾಗದು. ಸೋಲಿಸಿದವರೇ ಸೋತವರ ವೇಷವನ್ನು ತೊಟ್ಟ ಆ 19ನೆಯ ಶತಮಾನಕ್ಕೆ ಅವು ಪ್ರಥಮ ದರ್ಜೆಯ ಸಾಕ್ಷ್ಯ. ಯಾವ ಕಾಲದ ಮೂಲ, ಯಾವ ಸಂಗ್ರಹಾಲಯದ ವಸ್ತು, ಯಾವ ಅಳತೆಗಳನ್ನು ಅನುಸರಿಸಿದೆ, ಯಾವುದನ್ನು ಬಿಟ್ಟಿದೆ ಎಂಬ ವಿವರಗಳನ್ನು ಪ್ರತಿಕೃತಿಯೊಂದಿಗೆ ಬರೆದಿಡುವ ಪದ್ಧತಿ ನಮ್ಮ ಕಾಲೇಜುಗಳಲ್ಲಿ ಏರ್ಪಟ್ಟರೆ ಈ ಗೊಂದಲದ ಅರ್ಧಭಾಗ ನೀಗೀತು.

ರೂಪದ ಪ್ರತಿಕೃತಿಗಿಂತ ವಿಧಾನದ ಪ್ರತಿಕೃತಿ ಹೆಚ್ಚಿನ ಮೌಲ್ಯವುಳ್ಳದ್ದೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಆಧಾರ ಕನ್ನಡನಾಡಿಗೆ ತೀರ ಸಮೀಪವಾದುದು. ಡಮಾಸ್ಕಸ್ ಖಡ್ಗಗಳೆಂದು ಯುರೋಪಿನವರು ಕರೆದ, ನೀರಿನ ಅಲೆಯಂತಹ ವಿನ್ಯಾಸವುಳ್ಳ ಅಲಗುಗಳಿಗೆ ಬೇಕಾದ ಮೂಸೆಯುಕ್ಕು ದಕ್ಷಿಣ ಭಾರತದಿಂದಲೂ ಹೋಗುತ್ತಿತ್ತು. ಆಂಗ್ಲ ಗ್ರಂಥಗಳ ‘ವೂಟ್ಸ್’ ಎಂಬ ಶಬ್ದ ನಮ್ಮ ‘ಉಕ್ಕು’ ಶಬ್ದದ ಅಪಭ್ರಂಶವೆಂಬುದು ಬಹುಮಂದಿ ವಿದ್ವಾಂಸರ ಮತ. 1800–1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಕಬ್ಬಿಣದ ತುಂಡುಗಳನ್ನು ತಂಗಡಿ ಗಿಡದ ಕಟ್ಟಿಗೆ ಮತ್ತು ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ, ತಿದಿಯೊತ್ತಿ ಕಾಯಿಸುವ ಕ್ರಮವನ್ನು ವರ್ಣಿಸಿದ್ದಾನೆ. ಇಂಗ್ಲೆಂಡಿನಲ್ಲಿ ಪಿಯರ್ಸನ್ 1795ರಲ್ಲಿಯೂ, ಸ್ಟೋಡರ್ಟ್ ಮತ್ತು ಫ್ಯಾರಡೆ 1820ರ ಸುಮಾರಿನಲ್ಲಿಯೂ ಈ ಉಕ್ಕಿನ ರಹಸ್ಯವನ್ನು ಅರಸಿದರು. ರಷ್ಯದ ಜ್ಲಾಟೌಸ್ಟಿನಲ್ಲಿ ಅನೋಸೋವ್ ತನ್ನ ಪ್ರಯೋಗಗಳನ್ನು 1841ರಲ್ಲಿ ಪ್ರಕಟಿಸಿದನು.

ಇಂದಿನ ಅಂಗಡಿಗಳಲ್ಲಿ ಡಮಾಸ್ಕಸ್ ಎಂಬ ಹೆಸರಿನಿಂದ ದೊರೆಯುವ ಅಲಗುಗಳಾದರೋ ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದು ಮಾಡಿದವು. ಇನ್ನೂ ಕೆಲವು ಆಮ್ಲದಿಂದ ಮೇಲ್ಮೈಯಲ್ಲಿ ಚಿತ್ರಿಸಿದವು. ಮೂಸೆಯುಕ್ಕಿನ ಮಾರ್ಗ ಅದಲ್ಲ. ಅಮೆರಿಕದ ಲೋಹಶಾಸ್ತ್ರಜ್ಞ ವರ್‌ಹೋವೆನ್ ಮತ್ತು ಕಮ್ಮಾರ ಪೆಂಡ್ರೆ ಇವರು ಮೂಸೆಯಲ್ಲಿ ಉಕ್ಕು ಕರಗಿಸಿ, ಮಿತವಾದ ಶಾಖದಲ್ಲಿ ಮತ್ತೆ ಮತ್ತೆ ಕಾಯಿಸಿ ಬಡಿದು, ಅಲೆಯ ವಿನ್ಯಾಸವನ್ನು ಪಡೆದರು. ಬರ್ನ್ ನಗರದ ಸಂಗ್ರಹದಿಂದ ಬಂದು 1924ರಲ್ಲಿ ಚೋಕೆ ಎಂಬಾತ ಪರೀಕ್ಷಿಸಿದ್ದ ಹಳೆಯ ಅಲಗುಗಳ ತುಂಡುಗಳೊಡನೆ ಅವರು ತಮ್ಮದನ್ನು ಹೋಲಿಸಿದರು. ಸುಮಾರು 1.5 ಶೇಕಡಾ ಇಂಗಾಲದ ಜೊತೆಗೆ ವೆನೇಡಿಯಮ್ಮಿನಂತಹ ಧಾತುಗಳ ಅತ್ಯಲ್ಪ ಲೇಶವೂ ಈ ವಿನ್ಯಾಸಕ್ಕೆ ಅವಶ್ಯವೆಂಬುದು 1998ರಲ್ಲಿ ಅವರು ಪ್ರಕಟಿಸಿದ ನಿರ್ಣಯ. ಅಂತಹ ಲೇಶವುಳ್ಳ ಅದಿರು ಮುಗಿದುಹೋದುದೇ ವಿದ್ಯೆ ಅಳಿಯಲು ಕಾರಣವಾಗಿರಬಹುದೆಂದು ಅವರು ಊಹಿಸುತ್ತಾರೆ. ಕಮ್ಮಾರನ ಪ್ರಮಾದಕ್ಕಾಗಲಿ ಜಾತಿರಹಸ್ಯಕ್ಕಾಗಲಿ ಕಾರಣವನ್ನು ಆರೋಪಿಸುವ ಹಳೆಯ ವಿವರಣೆಗಳಿಗಿಂತ ಇದು ಮಿಗಿಲಾದುದು. ಇದನ್ನು ಪರೀಕ್ಷಿಸಿ ನೋಡಬಹುದು.

ಮೂಸೆಯ ವಿಷಯದಲ್ಲಿ ಮಾಡಬೇಕಾದ ಕೆಲಸ ಇನ್ನೂ ಇದೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ದೊರೆತ ಮೂಸೆಯ ಚೂರುಗಳ ಪರೀಕ್ಷೆಯಿಂದ, ಅಲ್ಲಿಯವರು ಜೇಡಿಮಣ್ಣಿಗೆ ಭತ್ತದ ಹೊಟ್ಟನ್ನು ಸೇರಿಸುತ್ತಿದ್ದರೆಂದೂ, ಸುಟ್ಟಮೇಲೆ ಉಳಿಯುವ ಅದರ ಸಿಲಿಕದಿಂದ ಮೂಸೆ ತೀವ್ರ ಶಾಖವನ್ನು ತಾಳುತ್ತಿತ್ತೆಂದೂ ತಿಳಿದುಬಂದಿದೆ. ಕಾರ್ಖಾನೆಯಲ್ಲಿ ಕೊಂಡ ಮೂಸೆಯಿಂದ ಆರಂಭವಾಗುವ ಪ್ರಯೋಗ ಉಕ್ಕನ್ನು ಕೊಟ್ಟೀತು. ಹೊಟ್ಟು, ಮಣ್ಣು, ಇದ್ದಲು, ತಿದಿಗಳನ್ನು ಹೊಂದಿಸಿಕೊಂಡವನ ಕೆಲಸವನ್ನು ತಿಳಿಯಬೇಕಾದರೆ ಆ ಹೊಟ್ಟಿನಿಂದಲೇ ಆರಂಭಿಸಬೇಕು.