ಸಾರಾಂಶಕ್ಕೆ ಸಿಗದ ಕಾವ್ಯ | ಭಾಗ 4

ಕವಿತೆಯ ‘ಸಾರಾಂಶ ಬರೆಯಿರಿ’ ಅನ್ನೋ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೀರಿ? ಕೆ.ವಿ. ತಿರುಮಲೇಶರ ‘ಅಕ್ಷಯ ಕಾವ್ಯ’ಕ್ಕೆ ಆ ಆಟ ನಡೆಯಲ್ಲ.

ಹುಟ್ಟಿದ್ದು 1940ರಲ್ಲಿ, ಕಾಸರಗೋಡಿನ ಕಾರಡ್ಕದಲ್ಲಿ. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ ಊರು ಕೇರಳಕ್ಕೆ ಸೇರಿತು. ಮುಂದೆ ಹೈದರಾಬಾದಿನಲ್ಲಿ ಭಾಷಾವಿಜ್ಞಾನದ ಮೇಷ್ಟ್ರು. ಸುತ್ತ ತೆಲುಗು, ಉರ್ದು. ಕವಿತೆ ಮಾತ್ರ ಕನ್ನಡದಲ್ಲೇ. ಲೇಖನಗಳಲ್ಲಿ ಭಾಷೆ ಹೇಗೆ ಕೆಲಸ ಮಾಡುತ್ತೆ ಅಂತ ವಿವರಿಸಿದರು, ಕವಿತೆಯಲ್ಲಿ ಅದನ್ನೇ ಬಿಚ್ಚಿ ಆಡಿದರು.

‘ಅಕ್ಷಯ ಕಾವ್ಯ’ದಲ್ಲಿ ನಾಯಕನಿಲ್ಲ, ಕಥೆಯಿಲ್ಲ. ಒಂದು ಮಾತು ಇನ್ನೊಂದನ್ನು ಎಳೆದುಕೊಂಡು ಪುಟಗಟ್ಟಲೆ ಸಾಗುತ್ತೆ. 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು ಇದಕ್ಕೇ.

2023ರಲ್ಲಿ ಅವರು ತೀರಿಕೊಂಡರು. ನಕ್ಷೆ ನೋಡಿ ಕನ್ನಡ ಅಳೆಯೋರು ಸಿಕ್ಕರೆ ಇವರ ಹೆಸರು ಹೇಳಿ. ಅರ್ಥದ ಚಿಂತೆ ಬಿಟ್ಟು ಒಂದು ಪುಟ ಜೋರಾಗಿ ಓದಿ ನೋಡಿ.