ಕ್ಯಾವೆಲ್, ಈಡಿತ್ ಲೂಯಿಸಾ

ಕ್ಯಾವೆಲ್, ಈಡಿತ್ ಲೂಯಿಸಾ : 1865-1915. ಇಂಗ್ಲೆಂಡಿನ ದಾದಿ, ಬೆಲ್ಜಿಯಮಿನಲ್ಲಿ ಆಧುನಿಕ ಶುಶ್ರೂಷಾ ಶಿಕ್ಷಣಕ್ಕೆ ಅಡಿಪಾಯ ಹಾಕಿದವಳು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಸೇನೆಯ ವಶದಲ್ಲಿದ್ದ ಬ್ರಸೆಲ್ಸಿನಿಂದ ಮಿತ್ರರಾಷ್ಟ್ರಗಳ ಸುಮಾರು 200 ಸೈನಿಕರು ತಪ್ಪಿಸಿಕೊಂಡು ಹೋಗಲು ನೆರವಾದಳು. ಅದಕ್ಕಾಗಿ ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿತು. 1915ರ ಅಕ್ಟೋಬರ್ 12ರಂದು ಈಕೆಯನ್ನು ಗುಂಡಿಟ್ಟು ಕೊಲ್ಲಲಾಯಿತು. ಲೋಕ ಈಕೆಯನ್ನು ನೆನೆಯುವುದು ಹೆಚ್ಚಾಗಿ ಆ ಒಂದು ಬೆಳಗಿನ ಕಾರಣಕ್ಕೆ. ಆದರೆ ಅದರ ಬೆನ್ನಿಗೆ ಇಪ್ಪತ್ತು ವರ್ಷಗಳ ವಾರ್ಡಿನ ದುಡಿಮೆಯಿದೆ. ಆ ದುಡಿಮೆಯನ್ನು ಬದಿಗಿಟ್ಟರೆ ಈಕೆ ಏಕೆ ಹಾಗೆ ನಡೆದುಕೊಂಡಳೆಂಬುದು ತಿಳಿಯುವುದಿಲ್ಲ.

ಬಾಲ್ಯ ಮತ್ತು ಶಿಕ್ಷಣ : ಹುಟ್ಟಿದ್ದು 1865ರ ಡಿಸೆಂಬರ್ 4ರಂದು, ನಾರ್ವಿಚ್ ಪಟ್ಟಣಕ್ಕೆ ಹತ್ತಿರದ ಸ್ವಾರ್ಡ್‌ಸ್ಟನ್ ಎಂಬ ಹಳ್ಳಿಯಲ್ಲಿ. ತಂದೆ ಫ್ರೆಡರಿಕ್ ಕ್ಯಾವೆಲ್ ಆ ಊರ ಚರ್ಚಿನ ಪಾದ್ರಿ. ನಾಲ್ವರು ಮಕ್ಕಳಲ್ಲಿ ಈಡಿತ್ ಹಿರಿಯಳು. ಮನೆಯಲ್ಲಿ ಸಿರಿಯಿರಲಿಲ್ಲ, ಕಟ್ಟುನಿಟ್ಟು ಇತ್ತು. ಇದ್ದುದರಲ್ಲಿ ಒಂದು ಪಾಲು ಊರಿನ ಬಡವರಿಗೆಂದು ತೆಗೆದಿಡುವ ರೂಢಿಯೂ ಇತ್ತು. ಹುಡುಗಿಗೆ ಚಿತ್ರ ಬರೆಯುವುದೆಂದರೆ ಪ್ರೀತಿ. ಹೂಗಳ ಚಿತ್ರ ಬರೆದು ಮಾರಿ ಚರ್ಚಿನ ಮಕ್ಕಳ ಪಾಠದ ಕೋಣೆಗೆ ಹಣ ಕೂಡಿಸಿದ್ದಳು. ವಸತಿಶಾಲೆಯಲ್ಲಿ ಕಲಿತ ಫ್ರೆಂಚ್ ಮುಂದೆ ಇಡೀ ಬಾಳಿನ ದಿಕ್ಕನ್ನೇ ಬದಲಿಸಿತು. ಓದು ಮುಗಿದ ಮೇಲೆ ಉಳ್ಳವರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಹಿಡಿದಳು. 1890ರಿಂದ 1895ರವರೆಗೆ ಬ್ರಸೆಲ್ಸಿನ ಒಂದು ಕುಟುಂಬದಲ್ಲಿದ್ದಳು.

1895ರಲ್ಲಿ ತಂದೆ ಕಾಯಿಲೆ ಬಿದ್ದರು. ಈಡಿತ್ ಊರಿಗೆ ಮರಳಿ ಅವರು ಚೇತರಿಸಿಕೊಳ್ಳುವವರೆಗೂ ಆರೈಕೆ ಮಾಡಿದಳು. ದಾದಿಯಾಗಬೇಕೆಂದು ನಿರ್ಧರಿಸಿದ್ದು ಆಗಲೇ. ವಯಸ್ಸು ಮೂವತ್ತರ ಹತ್ತಿರ. ಆ ಕಾಲಕ್ಕೆ ಹೊಸ ಕಸುಬು ಹಿಡಿಯಲು ತಡವೇ ಆಗಿತ್ತು.

ಲಂಡನ್ ಆಸ್ಪತ್ರೆಯಲ್ಲಿ : ಮೊದಲು ಟೂಟಿಂಗ್‌ನ ಜ್ವರದ ಆಸ್ಪತ್ರೆಯೊಂದರಲ್ಲಿ ಕೆಲವು ತಿಂಗಳು ಕೆಲಸ ಮಾಡಿ, 1896ರಲ್ಲಿ ವೈಟ್‌ಚಾಪೆಲ್‌ನ ಲಂಡನ್ ಆಸ್ಪತ್ರೆಯನ್ನು ತರಬೇತಿ ದಾದಿಯಾಗಿ ಸೇರಿದಳು. ನಗರದ ಪೂರ್ವ ಭಾಗದ ಬಡವರೆಲ್ಲ ಬರುತ್ತಿದ್ದ ಆಸ್ಪತ್ರೆ ಅದು. ಬೆಳಗ್ಗೆ ಏಳಕ್ಕೆ ವಾರ್ಡಿಗಿಳಿದರೆ ರಾತ್ರಿ ಒಂಬತ್ತರವರೆಗೆ ಬಿಡುವಿಲ್ಲ. ಮೇಟ್ರನ್ ಈವಾ ಲಕ್ಸ್ ಫ್ಲಾರೆನ್ಸ್ ನೈಟಿಂಗೇಲಳ ಸ್ನೇಹಿತೆ, ಶಿಸ್ತಿಗೆ ಹೆಸರಾದವಳು. ಆಕೆ ತನ್ನ ದಾಖಲೆ ಪುಸ್ತಕದಲ್ಲಿ ಕ್ಯಾವೆಲಳ ಬಗ್ಗೆ ಬರೆದದ್ದು ಮೆಚ್ಚುಗೆಯ ಮಾತಲ್ಲ : ಮನಸ್ಸು ಮಾಡಿದರೆ ಸಾಮರ್ಥ್ಯಕ್ಕೆ ಕೊರತೆಯಿಲ್ಲ, ಆದರೆ ಹೊತ್ತಿಗೆ ಸರಿಯಾಗಿ ಬರುವವಳಲ್ಲ. ಈ ಟಿಪ್ಪಣಿಯನ್ನು ಜೀವನಚರಿತ್ರೆಕಾರರು ಮುಚ್ಚಿಡದೆ ಉಳಿಸಿಕೊಂಡು ಬಂದದ್ದು ಒಳ್ಳೆಯದಾಯಿತು. ಇದರಿಂದಾಗಿ ಕ್ಯಾವೆಲ್ ಹುಟ್ಟಿನಿಂದಲೇ ಸಂತಳೆಂಬ ಭ್ರಮೆ ನಮಗೆ ಬರುವುದಿಲ್ಲ. ಆಕೆ ಕಸುಬನ್ನು ಕಲಿತು ಬೆಳೆದವಳು.

ಕಲಿಕೆ ಮುಗಿಯುವ ಮೊದಲೇ ದೊಡ್ಡ ಪರೀಕ್ಷೆ ಎದುರಾಯಿತು. 1897ರಲ್ಲಿ ಕೆಂಟ್ ಪ್ರಾಂತ್ಯದ ಮೇಡ್‌ಸ್ಟನ್ ಪಟ್ಟಣದಲ್ಲಿ ಕುಡಿಯುವ ನೀರು ಕೆಟ್ಟು ಟೈಫಾಯ್ಡ್ ಹಬ್ಬಿತು. 1,700ಕ್ಕೂ ಹೆಚ್ಚು ಜನ ಮಲಗಿದರು. ಲಂಡನ್ ಆಸ್ಪತ್ರೆ ಕಳಿಸಿದ ಆರು ದಾದಿಯರಲ್ಲಿ ಕ್ಯಾವೆಲ್ ಒಬ್ಬಳು. ಟೈಫಾಯ್ಡಿಗೆ ಆಗ ಔಷಧವೇ ಇರಲಿಲ್ಲ. ಒದ್ದೆ ಬಟ್ಟೆಯಿಂದ ಮೈ ಒರೆಸಿ ಜ್ವರ ಇಳಿಸುವುದು, ಗುಟುಕು ಗುಟುಕಾಗಿ ನೀರು ಹಾಲು ಕುಡಿಸುವುದು, ಹಾಸಿಗೆ ಬಟ್ಟೆ ಬದಲಿಸುವುದು, ಮಲಮೂತ್ರವನ್ನು ಸೋಂಕು ಹರಡದಂತೆ ವಿಲೇವಾರಿ ಮಾಡುವುದು, ಇವಿಷ್ಟೇ ಚಿಕಿತ್ಸೆ. ಇವಿಷ್ಟೂ ದಾದಿಯ ಕೈಯಲ್ಲೇ ಇದ್ದವು. ಸತ್ತವರು 132 ಮಂದಿ. ಪಟ್ಟಣದವರು ಈ ದಾದಿಯರಿಗೆ ಪದಕ ಕೊಟ್ಟು ಗೌರವಿಸಿದರು. ಕ್ಯಾವೆಲಳಿಗೆ ತನ್ನ ದೇಶದಿಂದ ಬದುಕಿರುವಾಗ ಸಿಕ್ಕ ಪದಕ ಅದೊಂದೇ.

ಆ ಮೇಲೆ ಕೆಲಕಾಲ ರೋಗಿಗಳ ಮನೆಗಳಿಗೇ ಹೋಗಿ ಶುಶ್ರೂಷೆ ಮಾಡಿದಳು. 1901ರಲ್ಲಿ ಸೇಂಟ್ ಪ್ಯಾಂಕ್ರಾಸ್‌ನ ಬಡವರ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಮೇಲ್ವಿಚಾರಕಿ, 1903ರಲ್ಲಿ ಶೋರ್‌ಡಿಚ್ ಆಸ್ಪತ್ರೆಯಲ್ಲಿ ಸಹಾಯಕ ಮೇಟ್ರನ್. ಶೋರ್‌ಡಿಚ್‌ನಲ್ಲಿದ್ದಾಗ, ಬಿಡುಗಡೆಯಾಗಿ ಹೋದ ರೋಗಿಗಳನ್ನು ಅವರ ಮನೆಗಳಲ್ಲಿ ಹೋಗಿ ನೋಡುವ ಪರಿಪಾಠ ಆರಂಭಿಸಿದಳು. ಹಾಸಿಗೆ ಖಾಲಿಯಾದೊಡನೆ ರೋಗಿಯ ಹೆಸರೂ ಮರೆತುಹೋಗುತ್ತಿದ್ದ ಕಾಲದಲ್ಲಿ ಇದು ಸಣ್ಣ ಹೆಜ್ಜೆಯಾಗಿರಲಿಲ್ಲ. 1906ರಲ್ಲಿ ಕೆಲವು ತಿಂಗಳು ಮ್ಯಾಂಚೆಸ್ಟರಿನಲ್ಲಿ ಮನೆಮನೆ ಶುಶ್ರೂಷೆಯ ಸಂಸ್ಥೆಯೊಂದನ್ನು ನಡೆಸಿದಳು.

ಬ್ರಸೆಲ್ಸಿನ ಶಾಲೆ : ಬೆಲ್ಜಿಯಮಿನಲ್ಲಿ ಆಗ ರೋಗಿಗಳ ಆರೈಕೆ ಬಹುಮಟ್ಟಿಗೆ ಕ್ರೈಸ್ತ ಸನ್ಯಾಸಿನಿಯರ ಕೈಯಲ್ಲಿತ್ತು. ಅವರಲ್ಲಿ ಕರುಣೆಗೆ ಕೊರತೆಯಿರಲಿಲ್ಲ. ಸೋಂಕು, ಶಸ್ತ್ರಕ್ರಿಯೆ, ಅಂಗರಚನೆಯ ವಿಷಯದಲ್ಲಿ ತರಬೇತಿ ಇರಲಿಲ್ಲ. ಶಸ್ತ್ರವೈದ್ಯ ಆಂಟ್ವಾನ್ ದಪಾಜ್‌ಗೆ ಇದು ಸಾಲದೆನಿಸಿ, ನೈಟಿಂಗೇಲ್ ಮಾದರಿಯ ಶಾಲೆ ತೆರೆಯಲು ಮುಂದಾದ. ಫ್ರೆಂಚ್ ಬಲ್ಲ, ಲಂಡನ್ನಿನಲ್ಲಿ ಪಳಗಿದ ಮೇಟ್ರನ್ ಬೇಕಾಗಿತ್ತು. ಹೀಗೆ 1907ರಲ್ಲಿ ಕ್ಯಾವೆಲ್ ಮತ್ತೆ ಬ್ರಸೆಲ್ಸಿಗೆ ಬಂದಳು. ಇಕ್ಸೆಲ್ ಬಡಾವಣೆಯಲ್ಲಿ ಒಂದಕ್ಕೊಂದು ಅಂಟಿದ ನಾಲ್ಕು ಮನೆಗಳನ್ನು ಸೇರಿಸಿ ಶಾಲೆಯೂ ಚಿಕಿತ್ಸಾಲಯವೂ ಆರಂಭವಾದವು.

ಮೊದಲ ವಿದ್ಯಾರ್ಥಿನಿಯರು ಬೆರಳೆಣಿಕೆಯಷ್ಟು. ಒಳ್ಳೆಯ ಮನೆತನದ ಹೆಣ್ಣು ಕೂಲಿಗೆ ದುಡಿಯುವುದು ಅವಮಾನವೆಂದು ಬೆಲ್ಜಿಯಮಿನ ಮಧ್ಯಮ ವರ್ಗ ನಂಬಿತ್ತು. ರೋಗಿಯ ಮೈ ತೊಳೆಯುವ ಕೂಲಿಯಂತೂ ಇನ್ನೂ ಕೀಳು. ಕ್ಯಾವೆಲ್ ವಾದಕ್ಕಿಳಿಯದೆ ದಾದಿಯರನ್ನು ತಯಾರು ಮಾಡುತ್ತ ಹೋದಳು. ನೀಲಿ ಉಡುಪು, ಬಿಳಿ ಏಪ್ರನ್, ಬಿಳಿ ಕಾಲರು. ಒಗೆಯಲು ಸುಲಭವಾದ, ಓಡಾಡಲು ಹಗುರಾದ ಈ ಸಮವಸ್ತ್ರವೇ ಸನ್ಯಾಸಿನಿಯರ ದಪ್ಪ ನಿಲುವಂಗಿಯ ಪಕ್ಕದಲ್ಲಿ ಹೊಸ ಕಾಲದ ಗುರುತಾಯಿತು. ಬೆಳಗಿನ ತಿಂಡಿಯ ಮೇಜಿನ ಮೇಲೆ ಗಡಿಯಾರ ಇಟ್ಟುಕೊಂಡು ಕೂರುತ್ತಿದ್ದಳಂತೆ. ಎರಡು ನಿಮಿಷಕ್ಕಿಂತ ಹೆಚ್ಚು ತಡವಾಗಿ ಬಂದವಳು ಆ ದಿನ ಎರಡು ಗಂಟೆ ಹೆಚ್ಚು ದುಡಿಯಬೇಕು. ಒಂದು ಕಾಲಕ್ಕೆ ತಾನೇ ತಡವಾಗಿ ಬರುತ್ತಿದ್ದವಳು, ಔಷಧದ ಹೊತ್ತು ತಪ್ಪಿದರೆ ರೋಗಿಗೆ ಏನಾಗುತ್ತದೆಂಬುದನ್ನು ಅಷ್ಟರಲ್ಲಿ ವಾರ್ಡುಗಳಲ್ಲಿ ನಿಂತು ಕಲಿತಿದ್ದಳು. ರಾತ್ರಿ ಊಟವಾದ ಮೇಲೆ ಅದೇ ಹುಡುಗಿಯರನ್ನು ಸುತ್ತ ಕೂರಿಸಿಕೊಂಡು ಕಷ್ಟಸುಖ ಮಾತಾಡುವುದೂ ಇತ್ತು.

ಬೆಲ್ಜಿಯಮಿನ ರಾಣಿ ಎಲಿಜಬೆತ್ ತೋಳು ಮುರಿದುಕೊಂಡಾಗ ಈ ಶಾಲೆಯ ದಾದಿಯನ್ನೇ ಕರೆಸಿಕೊಂಡಳು. ಆ ಮೇಲೆ ಮನೆತನದ ಮಾತು ಹಿಂದೆ ಸರಿಯಿತು. 1910ರಲ್ಲಿ ಶುಶ್ರೂಷೆಗೆಂದೇ ಒಂದು ಪತ್ರಿಕೆ ಹೊರಟಿತು, ಹೆಸರು ‘ಲ್ಯಾಂಫಿರ್ಮಿಯೇರ್’. ಮುಂದಿನ ಒಂದೆರಡು ವರ್ಷಗಳಲ್ಲಿ ಮೂರು ಆಸ್ಪತ್ರೆಗಳು, 24 ಶಾಲೆಗಳು, 13 ಶಿಶುವಿಹಾರಗಳಿಗೆ ಕ್ಯಾವೆಲಳ ಶಾಲೆಯಿಂದ ದಾದಿಯರು ಹೋಗುತ್ತಿದ್ದರು. ಯೂಕ್ಲ್ ಬಡಾವಣೆಯಲ್ಲಿ ಹೊಸ ಕಟ್ಟಡದ ಕೆಲಸ ನಡೆದಿತ್ತು. ಒಂದು ದೇಶದಲ್ಲಿ ಒಂದು ವೃತ್ತಿಯೇ ಇಲ್ಲದೆಡೆ ಅದನ್ನು ಏಳೇ ವರ್ಷದಲ್ಲಿ ನೆಲೆಗೊಳಿಸಿದ ಈ ಕೆಲಸ ಆಕೆಯ ಬಾಳಿನ ಮುಖ್ಯ ಸಾಧನೆ. ಯುದ್ಧ ಬಾರದೇ ಹೋಗಿದ್ದರೂ ವಿಶ್ವಕೋಶಗಳಲ್ಲಿ ಆಕೆಯ ಹೆಸರು ಇರಬೇಕಾದದ್ದು ಇದಕ್ಕಾಗಿ.

ಯುದ್ಧಕಾಲ : 1914ರ ಬೇಸಿಗೆಯಲ್ಲಿ ಕ್ಯಾವೆಲ್ ಇಂಗ್ಲೆಂಡಿನಲ್ಲಿ ವಿಧವೆ ತಾಯಿಯ ಬಳಿ ಇದ್ದಳು. ಯುದ್ಧದ ಸುದ್ದಿ ಬಂದಾಗ ಉಳಿದುಕೊಳ್ಳಬಹುದಿತ್ತು. ಹಿಂದೆಂದಿಗಿಂತ ಈಗಲೇ ತನ್ನ ಅಗತ್ಯ ಹೆಚ್ಚೆಂದು ಹೊರಟು ಆಗಸ್ಟ್ 3ರಂದು ಬ್ರಸೆಲ್ಸ್ ಮುಟ್ಟಿದಳು. 20ರಂದು ಜರ್ಮನ್ ಸೇನೆ ನಗರವನ್ನು ವಶಪಡಿಸಿಕೊಂಡಿತು. ಶಾಲೆ ರೆಡ್ ಕ್ರಾಸ್ ಆಸ್ಪತ್ರೆಯಾಯಿತು. ಗಾಯಗೊಂಡವನು ಯಾವ ದೇಶದವನೆಂದು ಕೇಳದೆ ಆರೈಕೆ ಮಾಡಬೇಕೆಂದು ತನ್ನ ದಾದಿಯರಿಗೆ ಅಪ್ಪಣೆ ಮಾಡಿದಳು. ಜರ್ಮನ್ ಸೈನಿಕರಿಗೂ ಅಲ್ಲಿ ಅದೇ ಹಾಸಿಗೆ, ಅದೇ ಊಟ. ಇಂಗ್ಲಿಷ್ ದಾದಿಯರಲ್ಲಿ ಹೆಚ್ಚಿನವರನ್ನು ಜರ್ಮನರು ಊರಿಗೆ ಕಳಿಸಿದರು, ಕ್ಯಾವೆಲ್ ಉಳಿದಳು.

ಮಾನ್ಸ್ ಕದನದಲ್ಲಿ ಬ್ರಿಟಿಷ್ ಪಡೆ ಹಿಂದೆ ಸರಿದಾಗ ಎಷ್ಟೋ ಸೈನಿಕರು ಗುಂಪಿನಿಂದ ತಪ್ಪಿ ಕಾಡುಗಳಲ್ಲಿ, ರೈತರ ಕಣಜಗಳಲ್ಲಿ ಅಡಗಿದ್ದರು. ಸಿಕ್ಕಿಬಿದ್ದರೆ ಅವರಿಗೂ ಆಸರೆ ಕೊಟ್ಟವರಿಗೂ ಪ್ರಾಣಾಪಾಯ. ನವೆಂಬರಿನಲ್ಲಿ ಇಬ್ಬರು ಬ್ರಿಟಿಷರನ್ನು ಕ್ಯಾವೆಲಳ ಬಾಗಿಲಿಗೆ ಕರೆತಂದರು. ಆಕೆ ಒಳಗೆ ಕರೆದುಕೊಂಡಳು. ಅಲ್ಲಿಂದ ಒಂದು ಜಾಲವೇ ಬೆಳೆಯಿತು. ಗಡಿಯಾಚೆಯ ಬೆಲಿನ್ಯಿಯಲ್ಲಿ ತಮ್ಮ ಹಳೆಯ ಕೋಟೆಮನೆಯಿದ್ದ ರಾಜಕುಮಾರ ರೆಜಿನಾಲ್ಡ್ ದ ಕ್ರೋಯಿ ಮತ್ತು ಆತನ ತಂಗಿ ಮರೀ, ಶಾಲಾ ಶಿಕ್ಷಕಿ ಲೂಯಿಸ್ ತುಲಿಯೇ, ವಾಸ್ತುಶಿಲ್ಪಿ ಫಿಲಿಪ್ ಬೋಕ್ ಅದರಲ್ಲಿದ್ದರು. ಬೆಲಿನ್ಯಿಯಲ್ಲಿ ಸೈನಿಕರ ಭಾವಚಿತ್ರ ತೆಗೆದು ಸುಳ್ಳು ಗುರುತುಪತ್ರ ಮಾಡಿಸುವರು. ಬ್ರಸೆಲ್ಸಿನಲ್ಲಿ ಕ್ಯಾವೆಲ್ ಅವರನ್ನು ರೋಗಿಗಳೆಂದು ಮಲಗಿಸಿ, ದಾರಿ ಖರ್ಚಿಗೆ ಹಣ ಕೊಟ್ಟು, ಮಾರ್ಗದರ್ಶಕರನ್ನು ಗೊತ್ತುಮಾಡಿ ತಟಸ್ಥ ದೇಶವಾದ ಹಾಲೆಂಡಿನ ಗಡಿಗೆ ಸಾಗಿಸುವಳು. ಜಾಲದಲ್ಲಿ ಸೇನಾ ಮಾಹಿತಿಯೂ ಸಾಗುತ್ತಿತ್ತೆಂದು ಈಚಿನ ಸಂಶೋಧಕರು ವಾದಿಸಿದ್ದಾರೆ. ಕ್ಯಾವೆಲಳ ಮೇಲಿನ ಆರೋಪದಲ್ಲಿ ಮಾತ್ರ ಗೂಢಚರ್ಯೆ ಇರಲಿಲ್ಲ.

ಬಂಧನ, ವಿಚಾರಣೆ, ಮರಣ : 1915ರ ಆಗಸ್ಟ್ 5ರಂದು ಬಂಧಿಸಿ ಸೇಂಟ್ ಗಿಲ್ಸ್ ಸೆರೆಮನೆಗೆ ಹಾಕಿದರು. ಹತ್ತು ವಾರಗಳ ಸೆರೆವಾಸ. ವಿಚಾರಣೆ ನಡೆದದ್ದು ಅಕ್ಟೋಬರ್ 7 ಮತ್ತು 8ರಂದು, ಬೆಲ್ಜಿಯಮಿನ ಸಂಸತ್ ಭವನದಲ್ಲಿ. ಆರೋಪಿಗಳು 35 ಮಂದಿ. ವಕೀಲ ಸಾದಿ ಕಿರ್ಷನ್‌ಗೆ ವಿಚಾರಣೆಗೆ ಮುನ್ನ ಕ್ಯಾವೆಲಳನ್ನು ಕಾಣಲು ಅವಕಾಶ ಸಿಗಲಿಲ್ಲ. ಆಕೆ ಸಮವಸ್ತ್ರ ತೊಡದೆ ಸಾಮಾನ್ಯ ಉಡುಪಿನಲ್ಲಿ ಬಂದು, ಕೇಳಿದ್ದಕ್ಕೆಲ್ಲ ಇದ್ದದ್ದನ್ನು ಇದ್ದಂತೆ ಹೇಳಿದಳು. ಇಂಗ್ಲೆಂಡ್ ತಲಪಿದ ಸೈನಿಕರು ಕೃತಜ್ಞತೆಯಿಂದ ಪತ್ರ ಬರೆದದ್ದನ್ನೂ ಒಪ್ಪಿಕೊಂಡಳು. ಅದೇ ಕುತ್ತಿಗೆಗೆ ಬಂತು. ಶತ್ರುಪಡೆಗೆ ಸೈನಿಕರನ್ನು ಮುಟ್ಟಿಸುವುದು ಜರ್ಮನ್ ಸೇನಾ ಕಾನೂನಿನಲ್ಲಿ ದೇಶದ್ರೋಹ, ವಿದೇಶಿಯರಿಗೂ ಅನ್ವಯಿಸುವಂಥದು. ಅವರು ಮುಟ್ಟಿದರೆಂಬುದಕ್ಕೆ ಆಕೆಯ ಮಾತೇ ಸಾಕ್ಷಿಯಾಯಿತು. ಐವರಿಗೆ ಮರಣದಂಡನೆ ಆಯಿತು. ಅಮೆರಿಕದ ರಾಯಭಾರಿ ಬ್ರ್ಯಾಂಡ್ ವಿಟ್ಲಾಕ್‌ನ ಕಚೇರಿಯೂ ಸ್ಪೇನಿನ ರಾಯಭಾರಿಯೂ 11ರ ರಾತ್ರಿ ಜರ್ಮನ್ ಅಧಿಕಾರಿಗಳ ಬಳಿ ಕ್ಷಮಾದಾನಕ್ಕೆ ಮೊರೆಯಿಟ್ಟರೂ ಸೇನಾ ಗವರ್ನರ್ ಫಾನ್ ಸೌಬರ್ತ್ಸ್‌ವೈಗ್ ಮಣಿಯಲಿಲ್ಲ.

ಸೆರೆಮನೆಯಿಂದ ತನ್ನ ದಾದಿಯರಿಗೆ ಫ್ರೆಂಚ್‌ನಲ್ಲಿ ಬರೆದ ಪತ್ರ ಉಳಿದಿದೆ. ಶಾಲೆ ಬೆಳೆದ ಬಗೆಯನ್ನು, ಸಂಜೆಯ ಮಾತುಕತೆಗಳನ್ನು ನೆನೆದು, ತಾನು ಕೆಲವೊಮ್ಮೆ ಬಿಗಿಯಾಗಿದ್ದಿರಬಹುದು, ಆದರೆ ಅವರು ತಿಳಿದುದಕ್ಕಿಂತ ಹೆಚ್ಚಾಗಿ ಅವರನ್ನು ಪ್ರೀತಿಸಿದ್ದೆನೆಂದು ಅದರಲ್ಲಿ ಹೇಳಿದ್ದಾಳೆ. ಕೊನೆಯ ರಾತ್ರಿ ಆಂಗ್ಲಿಕನ್ ಪಾದ್ರಿ ಸ್ಟರ್ಲಿಂಗ್ ಗಾಹನ್ ಬಂದಾಗ, ದೇಶಪ್ರೇಮವೊಂದೇ ಸಾಲದು, ಯಾರ ಮೇಲೂ ತನಗೆ ದ್ವೇಷವಾಗಲಿ ಕಹಿಯಾಗಲಿ ಇರಕೂಡದು ಎಂದಳು. ಮರುದಿನ ಬೆಳಗಾಗುತ್ತಲೇ ಸ್ಕಾರ್‌ಬೇಕ್‌ನ ಗುಂಡು ಹಾರಿಸುವ ಮೈದಾನದಲ್ಲಿ ಬೋಕ್‌ನೊಡನೆ ಈಕೆಯನ್ನೂ ಕೊಂದರು. ವಯಸ್ಸು 49. ಉಳಿದ ಮೂವರ ಮರಣದಂಡನೆ ಲೋಕವೆಲ್ಲ ಕೂಗೆದ್ದ ಮೇಲೆ ರದ್ದಾಯಿತು.

ಪ್ರಚಾರ ಮತ್ತು ಸ್ಮರಣೆ : ಬ್ರಿಟನ್ ಈ ಸಾವನ್ನು ಸೇನಾ ಭರ್ತಿಯ ಭಿತ್ತಿಪತ್ರಗಳಲ್ಲಿ ಬಳಸಿಕೊಂಡಿತು. ಅಂಚೆಕಾರ್ಡುಗಳಲ್ಲಿ ನಲವತ್ತೊಂಬತ್ತರ ಮೇಟ್ರನ್ ಎಳೆಯ ಹುಡುಗಿಯಾದಳು; ಮೂರ್ಛೆ ಹೋಗಿ ಬಿದ್ದವಳನ್ನು ಅಧಿಕಾರಿಯೊಬ್ಬ ಪಿಸ್ತೂಲಿನಿಂದ ಕೊಂದನೆಂಬ ಕತೆ ಹುಟ್ಟಿತು. ಅಲ್ಲೇ ನಿಂತಿದ್ದ ಜರ್ಮನ್ ಪಾದ್ರಿ ಪೌಲ್ ಲ ಸ್ಯೂರ್ ಬರೆದಿಟ್ಟ ವಿವರಕ್ಕೆ ಇದು ಹೊಂದುವುದಿಲ್ಲ. ದ್ವೇಷ ಬೇಡವೆಂದು ಸತ್ತವಳ ಹೆಸರಿನಲ್ಲಿ ದ್ವೇಷ ಬಿತ್ತಿದ್ದು ಆಕೆಗಾದ ಎರಡನೆಯ ಅನ್ಯಾಯ.

1919ರ ಮೇ ತಿಂಗಳಲ್ಲಿ ಪಾರ್ಥಿವ ಶರೀರವನ್ನು ಇಂಗ್ಲೆಂಡಿಗೆ ತಂದು, ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಪ್ರಾರ್ಥನೆ ಸಲ್ಲಿಸಿ, ನಾರ್ವಿಚ್ ಕೆಥೆಡ್ರಲಿನ ಪಕ್ಕದಲ್ಲಿ ಮಣ್ಣುಮಾಡಿದರು. ಶವ ತಂದ ರೈಲು ಡಬ್ಬಿಯಲ್ಲೇ ಮರುವರ್ಷ ಅಜ್ಞಾತ ಯೋಧನ ದೇಹವೂ ಬಂತು. ಲಂಡನ್ನಿನ ಟ್ರಫಾಲ್ಗರ್ ಚೌಕದ ಬಳಿ ಜಾರ್ಜ್ ಫ್ರಾಂಪ್ಟನ್ ಕೆತ್ತಿದ ಸ್ಮಾರಕ 1920ರಲ್ಲಿ ಅನಾವರಣಗೊಂಡಿತು. ಗಾಹನ್‌ಗೆ ಹೇಳಿದ ಮಾತು ಆಗ ಅದರ ಮೇಲಿರಲಿಲ್ಲ. ಮಹಿಳಾ ಸಂಘಟನೆಯ ಒತ್ತಾಯದಿಂದ 1924ರಲ್ಲಿ ಅದನ್ನು ಕೆತ್ತಿಸಲಾಯಿತು. ಕೆನಡಾದ ಜಾಸ್ಪರ್ ರಾಷ್ಟ್ರೀಯ ಉದ್ಯಾನದ ಒಂದು ಶಿಖರಕ್ಕೆ ಈಕೆಯ ಹೆಸರಿದೆ. 1915ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಗಾಯಕಿ ಈಡಿತ್ ಪಿಯಾಫ್‌ಗೂ ಈಕೆಯ ಹೆಸರನ್ನೇ ಇಟ್ಟರು. ಬ್ರಿಟನ್ನಿನ ಜನ ಕೊಟ್ಟ ದೇಣಿಗೆಯಿಂದ 1917ರಲ್ಲಿ ಆರಂಭವಾದ ನಿಧಿ ಕಷ್ಟದಲ್ಲಿರುವ ದಾದಿಯರಿಗೆ ಈಗಲೂ ನೆರವು ನೀಡುತ್ತಿದೆ. ಯೂಕ್ಲ್‌ನ ಹೊಸ ಕಟ್ಟಡಕ್ಕೆ ಹೋದ ಶಾಲೆಗೆ ಮುಂದೆ ಕ್ಯಾವೆಲ್ ಮತ್ತು ಮರೀ ದಪಾಜ್ ಇಬ್ಬರ ಹೆಸರನ್ನೂ ಇಡಲಾಯಿತು. ಮರೀ, ಆಂಟ್ವಾನ್ ದಪಾಜ್‌ನ ಹೆಂಡತಿ. ಯುದ್ಧಕಾಲದ ಆಸ್ಪತ್ರೆಗೆ ಅಮೆರಿಕದಲ್ಲಿ ಹಣ ಕೂಡಿಸಿಕೊಂಡು ಮರಳುವಾಗ 1915ರ ಮೇ 7ರಂದು ಲೂಸಿಟೇನಿಯಾ ಹಡಗಿನೊಡನೆ ಮುಳುಗಿ ತೀರಿಕೊಂಡವಳು.